ಮನೆಯೊಳಗಿನ ಹಾವು, ನೆಲದ ಮೇಲಿನ ನಿದ್ದೆ
(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ವಾರಕ್ಕೊಮ್ಮೆ ಹಳ್ಳಿಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲ ಒಟ್ಟಿಕೊಂಡು ಅದರ ಪಕ್ಕದಲ್ಲೇ ಮಲಗುವವರೂ ಇದ್ದೀರಿ. ಮಳೆಗಾಲದಲ್ಲಿ ಇಬ್ಬರ ಮನೆಗೂ ಕರೆಯದೆ ಬರುವ ಹಾವಿನ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಪಕ್ಷದ ಸಭೆಯಲ್ಲಿ ಹಾವಿನ ಮಾತೇಕೆಂದು ಯಾರಾದರೂ ಕೇಳಿಯಾರು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತರೆಂದು ಸಂಶೋಧಕರ ಅಂದಾಜು. ವರ್ಷಕ್ಕೆ ಸರಾಸರಿ 58 ಸಾವಿರ! ಸತ್ತವರಲ್ಲಿ ಬಹುಪಾಲು ಹಳ್ಳಿಗಾಡಿನವರು. ಇದು ನಮ್ಮ ಮಾತಲ್ಲದೆ ಇನ್ಯಾರ ಮಾತು?

ಹಾವಿಗೆ ನಮ್ಮ ಮೇಲೆ ಹಗೆಯೇನೂ ಇಲ್ಲ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಆದುದರಿಂದ ಚೀಲಗಳನ್ನು ಗೋಡೆಯಿಂದ ಒಂದು ಮೊಳ ಈಚೆಗೆ, ಹಲಗೆಯ ಮೇಲೆ ಇಡಿ. ಬಚ್ಚಲ ಕಂಡಿಗೆ ತಂತಿಯ ಜಾಲರಿ ಬಡಿಯಿರಿ. ಗೋಡೆಯ ಬುಡದ ಬಿಲಗಳಿಗೆ ಕಲ್ಲು ತುಂಬಿ ಮೆತ್ತಿ. ಸೌದೆ, ಕುಳ್ಳುಗಳನ್ನು ಮನೆಯಿಂದ ದೂರ ಒಟ್ಟಿ, ಕೈ ಹಾಕುವ ಮುಂಚೆ ಕೋಲಿನಿಂದ ಅಲುಗಾಡಿಸಿ. ಬೆಳ್ಳುಳ್ಳಿ ಜಜ್ಜಿಟ್ಟರೆ, ಫಿನಾಯಿಲ್ ಚಿಮುಕಿಸಿದರೆ ಹಾವು ಬಾರದೆಂದು ನೆಚ್ಚಿ ಕೂರಬೇಡಿ. ಆ ದುಡ್ಡಿಗೆ ಇಲಿಬೋನು ಕೊಳ್ಳುವುದು ಲೇಸು. ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಒಳಗೆ ಹಾವು ಕಂಡಿತೆನ್ನಿ. ಮಕ್ಕಳನ್ನೂ ಮುದುಕರನ್ನೂ ಹೊರಗೆ ಕಳಿಸಿ. ಒಬ್ಬರು ದೂರ ನಿಂತು ಅದರ ಮೇಲೆ ಕಣ್ಣಿಡಲಿ, ಅದು ಹೋಗಲು ದಾರಿ ತೆರವಾಗಿರಲಿ. ಅರಣ್ಯ ಇಲಾಖೆಯವರಿಗೋ ಹಾವು ಹಿಡಿಯುವುದರಲ್ಲಿ ಪಳಗಿದವರಿಗೋ ಹೇಳಿ ಕಳಿಸಿ. ದೊಣ್ಣೆ ಹಿಡಿದು ಮುಂದೆ ನುಗ್ಗುವ ಶೂರರು ಎಲ್ಲ ಊರಿನಲ್ಲೂ ಇದ್ದಾರೆ. ಅವರನ್ನು ಮೊದಲು ತಡೆಯಿರಿ. ಪಾಪ, ಕೇರೆಹಾವನ್ನು ನಾಗರವೆಂದು ಬಡಿಯುತ್ತಾರೆ. ವಿಷವಿಲ್ಲದ ಆ ಜೀವಿ ಇಲಿ ತಿಂದು ಕಾಳು ಉಳಿಸುತ್ತದೆ, ಕೂಲಿಯನ್ನೂ ಕೇಳುವುದಿಲ್ಲ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯೂ ಅದಕ್ಕಿದೆ.

ನಾಗರವಾದರೆ ಹೆಡೆಯೆತ್ತುತ್ತದೆ, ಕೊಳಕುಮಂಡಲವಾದರೆ ಬುಸುಗುಟ್ಟುತ್ತದೆ, ಗರಗಸಮಂಡಲ ಮೈ ಉಜ್ಜಿ ಸದ್ದು ಮಾಡುತ್ತದೆ. ನಾವು ಹೆಚ್ಚು ಹೆದರಬೇಕಾದದ್ದು ಸದ್ದಿಲ್ಲದ ಕಟ್ಟುಹಾವಿಗೆ. ಕಪ್ಪು ಮೈ, ಮೇಲೆ ತೆಳ್ಳನೆಯ ಬಿಳಿ ಪಟ್ಟಿ. ಅದು ರಾತ್ರಿ ಸಂಚರಿಸುತ್ತದೆ. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ತಿಳಿಯದು, ಊತವಿಲ್ಲ, ಎಷ್ಟೋ ವೇಳೆ ಹಲ್ಲಿನ ಗುರುತೂ ಕಾಣದು. ನಸುಕಿನಲ್ಲಿ ಹೊಟ್ಟೆನೋವೆಂದು ಏಳುತ್ತಾರೆ. ಅಜೀರ್ಣವಿರಬೇಕೆಂದು ಮನೆಯವರು ಓಮಿನ ಕಷಾಯ ಕೊಡುತ್ತಾರೆ. ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರೇ ಸಾಗದಾಗುತ್ತದೆ. ಸೊಳ್ಳೆಪರದೆ ಕಟ್ಟಿ ಅಂಚನ್ನು ಚಾಪೆಯಡಿ ಸುತ್ತಲೂ ಸಿಕ್ಕಿಸಿದರೆ ಈ ಹಾವು ಹತ್ತಿರ ಬರಲಾರದು. ಮಂಚವಿದ್ದರೆ ಇನ್ನೂ ಕ್ಷೇಮ. ಮಂಚ, ಪರದೆಗಳಿಂದ ತಪ್ಪಿಸಬಹುದಾದ ಸಾವಿಗೆ ಹಣೆಬರಹವೆಂದು ಹೆಸರಿಡುವುದು ನಮಗೆ ಒಪ್ಪಿಗೆಯಿಲ್ಲ.

ಕಚ್ಚಿದ ಮೇಲೆ ಮಾಡತಕ್ಕದ್ದು ಇಷ್ಟೇ. ಕೈಬಳೆ, ಉಂಗುರ, ಕಾಲುಂಗುರ ಬಿಚ್ಚಿ. ಕಚ್ಚಿದ ಅಂಗ ಅಲುಗದಂತೆ ದಬ್ಬೆಯ ಆಸರೆ ಕೊಡಿ, ಓಡಲು ಬಿಡಬೇಡಿ, 108ಕ್ಕೆ ಫೋನು ಮಾಡಿ. ಹಗ್ಗದಿಂದ ಬಿಗಿಯಕೂಡದು, ಕೊಯ್ಯಕೂಡದು, ಹೀರಕೂಡದು. ಮಂತ್ರ ಹಾಕುವವರ ಮನೆ ದಾರಿಯಲ್ಲೇ ಇದ್ದರೂ ಅಲ್ಲಿ ನಿಲ್ಲಕೂಡದು. ವಿಷವಿಲ್ಲದ ಹಾವು ಕಚ್ಚಿದಾಗ ಅವರ ಮಂತ್ರ ಗೆಲ್ಲುತ್ತದೆ, ಊರೆಲ್ಲ ಹೆಸರಾಗುತ್ತದೆ. ಕಟ್ಟುಹಾವು ಕಚ್ಚಿದಾಗ ಹೊತ್ತು ಹೋಗುತ್ತದೆ, ಜೀವವೂ ಹೋಗುತ್ತದೆ.

ಮದ್ದು ಒಂದೇ, ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ. ಮೇಲೆ ಹೇಳಿದ ನಾಲ್ಕು ಹಾವಿಗೂ ಅದೇ. ಮಂಡಲದ ವಿಷ ರಕ್ತಕ್ಕೇರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಡ: ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ. ಹಳ್ಳಿಯ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಆದರೆ ಪ್ರತಿವಿಷ ಮೊದಲ ಸಲಕ್ಕೇ 8ರಿಂದ 10 ಸೀಸೆ ಬೇಕು. ಎರಡು ಸೀಸೆ ಇಟ್ಟುಕೊಂಡು ದಾಸ್ತಾನು ಇದೆಯೆಂದು ಪುಸ್ತಕದಲ್ಲಿ ಬರೆದರೆ ರೋಗಿ ಬದುಕುವನೇ?

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಸಾರಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಒಳ್ಳೆಯದೇ. ಆದರೆ ಕಾಗದದ ಮಾತು ಆಸ್ಪತ್ರೆಯ ಬೀರುವಿನವರೆಗೆ ಬಂದಿದೆಯೇ ಎಂದು ನೋಡುವವರು ನಾವೇ ಆಗಬೇಕು. ಈ ಸಲ ಊರಿಗೆ ಹೋದಾಗ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರು ಪ್ರಶ್ನೆ ಕೇಳಿ: ಪ್ರತಿವಿಷ ಎಷ್ಟು ಸೀಸೆ ಇದೆ, ಅದರ ಅವಧಿ ಎಂದು ಮುಗಿಯುತ್ತದೆ, ರಾತ್ರಿ ಹೊತ್ತು ಚುಚ್ಚುವವರು ಯಾರು. ಉತ್ತರವನ್ನು ಊರಿನ ಹೆಸರಿನೊಂದಿಗೆ ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಎಲ್ಲ ಚೀಟಿಗಳನ್ನೂ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಇಡುವ ಕೆಲಸ ನಮ್ಮದು.