ಮೂಕಪ್ರಾಣಿಗಳ ಛಾಯಾಚಿತ್ರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಜ್ಯೇಷ್ಠ ಮಾಸದ ಹುಣ್ಣಿಮೆಯನ್ನು ನಾವು ಕಾರಹುಣ್ಣಿಮೆಯೆಂದು ಕರೆಯುತ್ತೇವೆ. ಇಚಲಕರಂಜಿಯ ನಮ್ಮ ಮರಾಠಿ ನೆರೆಯವರು ಅದನ್ನೇ 'ಕರ್ನಾಟಕಿ ಬೆಂದೂರ' ಎನ್ನುತ್ತಾರೆ. ಹೆಸರು ಎರಡಾದರೂ ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಕರಿ ಹರಿಯಲು ಸಿದ್ಧವಾಗಿ ನಿಲ್ಲುವ ಎತ್ತು ಒಂದೇ. ಆ ದಿನ ಅದರೆದುರು ಎಷ್ಟು ಮೊಬೈಲುಗಳು ಮೇಲೇಳುತ್ತವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೆ ಮರುದಿನ ಚಿತ್ರಗಳನ್ನು ನೋಡಿದರೆ ಮಕ್ಕಳಿರುತ್ತಾರೆ, ಹಿರಿಯರ ರುಮಾಲುಗಳಿರುತ್ತವೆ. ಎತ್ತು ಮಾತ್ರ ಅರ್ಧ ಕೊಂಬಾಗಿ, ಮಸುಕಾದ ಮೂತಿಯಾಗಿ ಮೂಲೆ ಸೇರಿರುತ್ತದೆ. ಹಬ್ಬ ಯಾರದೋ ಅವರದೇ ಚಿತ್ರವಿಲ್ಲ!

ಇದು ಸಣ್ಣ ಮಾತೆಂದು ತಾವು ತಿಳಿಯಬಾರದು. ಟ್ರ್ಯಾಕ್ಟರು ಬಂದ ಮೇಲೆ ಅನೇಕ ಮನೆಗಳ ಗೋದಲಿ ಬರಿದಾಗಿದೆ. ಇಂದು ಕಟ್ಟಿರುವ ಜೋಡಿಯೇ ಆ ಮನೆಯ ಕೊನೆಯ ಜೋಡಿಯಾಗಬಹುದು. ಮೊಮ್ಮಕ್ಕಳು ಎತ್ತನ್ನು ಚಿತ್ರದಲ್ಲಿಯೇ ಕಾಣಬೇಕಾದ ಕಾಲ ಬಂದರೆ, ಆ ಚಿತ್ರವಾದರೂ ನೆಟ್ಟಗಿರಬೇಡವೇ?

ಒಳ್ಳೆಯ ಚಿತ್ರಕ್ಕೆ ಬೆಲೆಯುಳ್ಳ ಕ್ಯಾಮೆರಾ ಮೊದಲ ಅಗತ್ಯವಲ್ಲ. ಮೊದಲನೆಯದು ಬೆಳಕು. ನಡುಹಗಲಿನ ಬಿಸಿಲು ಕಣ್ಣಿನ ಕುಳಿಗಳಲ್ಲಿ ಕತ್ತಲೆ ತುಂಬುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಹಿಣಿಲಿನ ಏರನ್ನೂ ಗಂಗೆದೊಗಲಿನ ಮಡಿಕೆಯನ್ನೂ ತಿದ್ದಿ ತೋರಿಸುತ್ತದೆ. ಎರಡನೆಯದು ಎತ್ತರ. ನಿಂತು ಕೆಳಗೆ ನೋಡಿ ತೆಗೆದರೆ ಕರುವೂ ಬೆಕ್ಕೂ ಕುಬ್ಜವಾಗುತ್ತವೆ. ಮೊಣಕಾಲೂರಿ, ಅವುಗಳ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮೂರನೆಯದು ಕಣ್ಣು. ಮೊಬೈಲಿನ ಪರದೆಯ ಮೇಲೆ ಪ್ರಾಣಿಯ ಕಣ್ಣನ್ನೇ ಮುಟ್ಟಿ ಸ್ಪಷ್ಟಗೊಳಿಸಬೇಕು. ಕಣ್ಣು ನಿಚ್ಚಳವಾಗಿದ್ದರೆ ಬಾಲ ಮಸುಕಾದರೂ ಚಿತ್ರ ಉಳಿಯುತ್ತದೆ. ತೀರ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ; ಆದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯುವುದು ಲೇಸು.

ಬಣ್ಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಮೆರಾ ತನ್ನೆದುರಿನ ಬೆಳಕನ್ನೆಲ್ಲ ಸರಾಸರಿಗೆ ತರಲು ಹವಣಿಸುತ್ತದೆ. ಆದಕಾರಣ ಚೌಕಟ್ಟನ್ನು ತುಂಬಿ ನಿಂತ ಬಿಳಿ ಖಿಲಾರಿ ಎತ್ತು ಬೂದಿಬಣ್ಣಕ್ಕೆ ತಿರುಗುತ್ತದೆ. ಕರಿಯ ಎಮ್ಮೆ ಮಾಸಲಾಗಿ ತೋರುತ್ತದೆ. ಬಿಳಿಯದಕ್ಕೆ ಬೆಳಕನ್ನು ತುಸು ಹೆಚ್ಚಿಸಬೇಕು, ಕರಿಯದಕ್ಕೆ ತುಸು ತಗ್ಗಿಸಬೇಕು. ಕೇಳಿದವರಿಗೆ ಇದು ತಲೆಕೆಳಗಾದ ಮಾತೆನಿಸುತ್ತದೆ. ಮಾಡಿ ನೋಡಿದವರಿಗೆ ನಂಬುಗೆ ಬರುತ್ತದೆ. ಓಡುವ ಪ್ರಾಣಿಗೆ ಸೆಕೆಂಡಿನ 500ನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಿರಿದಾದ ವೇಳೆ ಬೇಕು. ಉದ್ದ ಕಾಲಿನ, ಬಳುಕುವ ನಡುವಿನ ಮುಧೋಳ ನಾಯಿಯನ್ನು ಮಗ್ಗುಲಿನಿಂದ ತೆಗೆದರೇ ಅದರ ಚೆಲುವು ಕಾಣುವುದು. ಆ ತಳಿಯ ಚಿತ್ರ 2005ರಲ್ಲಿ ಭಾರತದ ಅಂಚೆಚೀಟಿಯನ್ನೇರಿತು.

ಇನ್ನು ಮುಖ್ಯವಾದ ಮಾತು. ಚಿತ್ರಕ್ಕಾಗಿ ಪ್ರಾಣಿಯನ್ನು ಹಿಂಸಿಸಬಾರದು. ದನಗಳಿಗೆ ಎರಡೂ ಪಕ್ಕಗಳು ವಿಶಾಲವಾಗಿ ಕಾಣುತ್ತವೆ. ನೇರ ಬೆನ್ನ ಹಿಂದೆ ಮಾತ್ರ ಕುರುಡು. ಹಿಂದಿನಿಂದ ಹೋದವನನ್ನು ಅವು ಒದ್ದರೆ ತಪ್ಪು ಅವುಗಳದಲ್ಲ. ಓರೆಯಿಂದ, ಮೆಲ್ಲಗೆ, ಮಾತನಾಡಿಸುತ್ತ ಹೋಗಬೇಕು. ಕತ್ತಲೆಯಲ್ಲಿ ಫ್ಲ್ಯಾಶ್ ಹೊಡೆದರೆ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ: ಬೆಕ್ಕು, ನಾಯಿ, ದನಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಪದರವೊಂದಿದೆ. ಚಿತ್ರವೂ ಕೆಡುತ್ತದೆ, ಪ್ರಾಣಿಯೂ ಬೆದರುತ್ತದೆ. ಮೂಗುದಾಣ ಜಗ್ಗಿ, ಕಿವಿ ಹಿಂಡಿ 'ಪೋಜು' ಕೊಡಿಸಿದ ಎತ್ತಿನ ಕಣ್ಣಿನಲ್ಲಿ ಕಾಣುವುದು ಭಯವೊಂದೇ. ಪ್ರಾಣಿಹಿಂಸೆಯನ್ನು ತಡೆಯಲು 1960ರಲ್ಲಿಯೇ ಶಾಸನವಾಗಿದೆ. ಆದರೆ ಶಾಸನಕ್ಕಿಂತ ಮೊದಲು ನಮ್ಮ ಕರುಳು ಅದನ್ನು ಹೇಳಬೇಕು.

ಈ ಕಲೆಯಲ್ಲಿ ತಾಳ್ಮೆಯೇ ಗುರು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಹೊಣೆ ಹೊತ್ತವರಾಗಿಯೂ ಕಾಡುಪ್ರಾಣಿಗಳ ಛಾಯಾಚಿತ್ರಕಾರರೆಂದು ಹೆಸರಾದರು. ಪೂರ್ಣಚಂದ್ರ ತೇಜಸ್ವಿಯವರು ಲೇಖನಿಯೊಡನೆ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನುಹತ್ತಿದರು. ಕೃಪಾಕರ-ಸೇನಾನಿಯವರು ಕಾಡುನಾಯಿಗಳನ್ನು ಬಹುಕಾಲ ಹಿಂಬಾಲಿಸಿ ತೆಗೆದ ಚಿತ್ರಕ್ಕೆ 2010ರಲ್ಲಿ 'ಗ್ರೀನ್ ಆಸ್ಕರ್' ಎಂದು ಹೆಸರಾದ ಗೌರವ ಸಂದಿತು. ನಮ್ಮ ನೆಲವೂ ಇದಕ್ಕೆ ಹೊರತಲ್ಲ. ಬಾಬೂರಾವ್ ಪೇಂಟರರು ಕ್ಯಾಮೆರಾವನ್ನು ತಾವೇ ಕಟ್ಟಿ, 1920ರಲ್ಲಿ 'ಸೈರಂಧ್ರಿ'ಯನ್ನು ತೆರೆಗೆ ತಂದ ಊರು ಕೊಲ್ಲಾಪುರ. ಅದೇ ಜಿಲ್ಲೆಯ ದಾಜಿಪುರದ ಕಾಡಿನಲ್ಲಿ ಕಾಡುಕೋಣಗಳಿವೆ. ಮರಾಠಿಯಲ್ಲಿ ಅದು 'ಗವಾ'. ಅವುಗಳಿಂದ ದೂರ ನಿಲ್ಲುವುದೇ ಅವುಗಳಿಗೆ ನಾವು ಸಲ್ಲಿಸುವ ಮರ್ಯಾದೆ.

ಕೊನೆಯದಾಗಿ ತಾಯ್ತಂದೆಗಳಲ್ಲಿ ಒಂದು ಬಿನ್ನಹ. ಮಕ್ಕಳು ತೆಗೆದ ಚಿತ್ರದ ಕೆಳಗೆ ಎತ್ತಿನ ಹೆಸರು, ವರ್ಷ, ಊರುಗಳನ್ನು ಕನ್ನಡದಲ್ಲಿ ಬರೆಯಿಸಿರಿ. ಹಿಣಿಲು ಯಾವುದು, ಗಂಗೆದೊಗಲು ಯಾವುದು, ಕೋಡಣಸು ಎಲ್ಲಿ ಕೂಡುತ್ತದೆ ಎಂದು ಅಜ್ಜನನ್ನು ಕೇಳಿ ಬರೆದುಕೊಳ್ಳಲಿ. ಈ ಶಬ್ದಗಳನ್ನು ಪಾಠಪುಸ್ತಕವೊಂದೇ ಉಳಿಸಲಾರದು. ಅವು ಕೊಟ್ಟಿಗೆಯಲ್ಲಿ ಹುಟ್ಟಿದವು. ಎತ್ತು ಹೋದರೆ ಅದರೊಡನೆ ಅದರ ಮಾತುಗಳೂ ಹೋಗುತ್ತವೆ. ಗಡಿಯಲ್ಲಿರುವ ನಮಗೆ ಇದು ಇಮ್ಮಡಿ ನಷ್ಟ. ಚಿತ್ರ ರೂಪವನ್ನು ಕಾಯಲಿ, ಕೆಳಗಿನ ಬರಹ ನುಡಿಯನ್ನು ಕಾಯಲಿ.

ಬರುವ ಕಾರಹುಣ್ಣಿಮೆಗೆ ಮನೆಗೊಂದು ಇಂಥ ಚಿತ್ರವಾಗಲಿ. ಈ ಸಂಘದ ಗೋಡೆಯ ಮೇಲೆ ಅವೆಲ್ಲ ಸಾಲಾಗಿ ನಿಲ್ಲಲಿ ಎಂದು ಹಾರೈಸುತ್ತೇವೆ.