ಪಿ.ಪಿ. ಸಾಹೇಬರಿಗೂ ಒಂದು ಸೆಕ್ಷನ್ ಇದೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಅಟ್ರಾಸಿಟಿ ಕೇಸು ಅಂದ ಕೂಡಲೇ ನಾವು ಇಬ್ಬರ ಬಗ್ಗೆ ಮಾತಾಡ್ತೀವಿ. ಒಬ್ಬ ಹೊಡೆದವನು, ಇನ್ನೊಬ್ಬರು ಕಂಪ್ಲೇಂಟ್ ತಗೊಳ್ಳದ ಎಸ್.ಐ. ಮೂರನೆಯವರೊಬ್ಬರು ಇದ್ದಾರೆ. ಕೇಸು ಮುಗಿದು ಹೋದ ಮೇಲೂ ಅವರ ಹೆಸರು ನಮ್ಮ ಜನಕ್ಕೆ ಗೊತ್ತಿರಲ್ಲ. ಕೋರ್ಟಿನಲ್ಲಿ ನಮ್ಮ ಪರ ನಿಲ್ಲಬೇಕಾದ ಸರ್ಕಾರಿ ವಕೀಲರು, ಅಂದರೆ ಪಿ.ಪಿ. ಅವರೇ ಬೇಕಂತಲೇ ಕೇಸು ಕೆಡಿಸಿದರೆ ಅವರಿಗೆ ಜೈಲು ಉಂಟಾ? ಇದು ಸಂಘದ ಹುಡುಗರು ಕೇಳಿದ ಪ್ರಶ್ನೆ. ಒಳ್ಳೇ ಪ್ರಶ್ನೆ.

ದೂರದ ಒಂದು ಉದಾಹರಣೆ ಮೊದಲು ಹೇಳ್ತೀನಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೈಕೆಲ್ ಮಾರ್ಟನ್ ಅನ್ನೋರ ಹೆಂಡತಿಯ ಕೊಲೆ ಆಯಿತು, 1986ರಲ್ಲಿ. ಗಂಡನೇ ಕೊಂದ ಅಂತ ಜೀವಾವಧಿ ಶಿಕ್ಷೆ ಕೊಟ್ಟರು. ಅವರ ಪುಟ್ಟ ಮಗ, ಅಪ್ಪ ಆಗ ಮನೇಲಿ ಇರಲಿಲ್ಲ ಅಂತ ಅಜ್ಜಿಗೆ ಹೇಳಿದ್ದ. ಆ ಕಾಗದ ಕೆನ್ ಆ್ಯಂಡರ್ಸನ್ ಅನ್ನೋ ಸರ್ಕಾರಿ ವಕೀಲರ ಕಡೆ ಇತ್ತು, ಆದರೆ ಮಾರ್ಟನ್ನರ ವಕೀಲರ ಕೈಗೆ ಬರಲೇ ಇಲ್ಲ. ಸುಮಾರು 25 ವರ್ಷ ಜೈಲಿನಲ್ಲಿ ಕಳೆದ ಮೇಲೆ, 2011ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ಮಾರ್ಟನ್ ಹೊರಗೆ ಬಂದರು. ಅಷ್ಟು ಹೊತ್ತಿಗೆ ಆ ವಕೀಲರು ಜಡ್ಜ್ ಆಗಿದ್ದರು! 2013ರಲ್ಲಿ ಅವರಿಗೆ ಸಿಕ್ಕಿದ್ದು 10 ದಿನದ ಜೈಲು. ವಕೀಲಿ ಲೈಸೆನ್ಸೂ ಹೋಯಿತು. ಇಪ್ಪತ್ತೈದು ವರ್ಷಕ್ಕೆ ಹತ್ತು ದಿನ. ಇದನ್ನ ನ್ಯಾಯ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೂ ಸರ್ಕಾರಿ ವಕೀಲರೊಬ್ಬರು ಜೈಲಿನ ಬಾಗಿಲು ದಾಟಿದ್ದು ಅಲ್ಲೂ ದೊಡ್ಡ ಸುದ್ದಿ.

ಅಲ್ಲಿ ಆರೋಪಿಯ ಮೇಲೆ ಅನ್ಯಾಯ ಆಯಿತು. ನಮಗೆ ಎರಡೂ ಕಡೆಯಿಂದ ಪೆಟ್ಟು. ನಾವು ಆರೋಪಿ ಆದಾಗ ಕೇಸು ಗಟ್ಟಿ, ನಾವು ಫಿರ್ಯಾದಿ ಆದಾಗ ಅದೇ ಕೇಸು ಸಡಿಲ.

ಈಗ ನಮ್ಮ ಕಾನೂನಿಗೆ ಬರೋಣ. 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 4 ಓದಿ. ಎಸ್ಸಿ ಎಸ್ಟಿ ಅಲ್ಲದ ಸರ್ಕಾರಿ ಸೇವಕರು ಈ ಕಾಯ್ದೆಯ ಕರ್ತವ್ಯವನ್ನು ಬೇಕಂತಲೇ ಮಾಡದಿದ್ದರೆ 6 ತಿಂಗಳಿಗೆ ಕಡಿಮೆ ಇಲ್ಲದಂತೆ, 1 ವರ್ಷದವರೆಗೆ ಜೈಲು. ಪೊಲೀಸರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸರ್ಕಾರದ ಫೀಸು ಪಡೆದು ಸಾರ್ವಜನಿಕ ಕೆಲಸ ಮಾಡುವವರೂ ಕಾನೂನಿನ ಲೆಕ್ಕದಲ್ಲಿ ಸರ್ಕಾರಿ ಸೇವಕರೇ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 15ಎ ಅಂತ ಹೊಸ ಸೆಕ್ಷನ್ ಸೇರಿತು. ಬೇಲ್ ಅರ್ಜಿ ಬಂದರೆ, ಕೇಸಿನ ಯಾವುದೇ ವಿಚಾರಣೆ ಇದ್ದರೆ, ನೊಂದವರಿಗೆ ವಿಶೇಷ ಪಿ.ಪಿ. ಅಥವಾ ಸರ್ಕಾರ ತಿಳಿಸಲೇಬೇಕು. 2021ರಲ್ಲಿ ರಾಜಸ್ಥಾನದ ಒಂದು ಕೇಸಿನಲ್ಲಿ, ನೊಂದವರಿಗೆ ನೋಟಿಸ್ ಕೊಡದೆ ಹೈಕೋರ್ಟು ಕೊಟ್ಟ ಬೇಲನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಹೊಡೆದವನು ಬೇಲ್ ಮೇಲೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ತಿರುವುತ್ತಾ ನಿಂತಾಗ ನಮಗೆ ವಿಷಯ ಗೊತ್ತಾಗುತ್ತಲ್ಲ, ಅದು ನಮ್ಮ ಹಣೆಬರಹ ಅಲ್ಲ. ಯಾರೋ ಮಾಡಬೇಕಾದ ಕೆಲಸ ಮಾಡಿಲ್ಲ, ಅಷ್ಟೇ.

ಗಡಿಯಲ್ಲಿರುವ ನಮಗೆ ಇದೇ ತಿದ್ದುಪಡಿಯಲ್ಲಿ ಇನ್ನೊಂದು ದೊಡ್ಡ ಮಾತಿದೆ. ಬಾಯಲ್ಲಿ ಹೇಳಿದ ಕಂಪ್ಲೇಂಟನ್ನು ಸಹಿಗೆ ಮುಂಚೆ ಓದಿ ಹೇಳಬೇಕು, ಕಾಗದಗಳನ್ನು ಸರಿಯಾಗಿ ಬರೆದು ಸರಿಯಾಗಿ ಭಾಷಾಂತರ ಮಾಡಬೇಕು ಅಂತ ಸೆಕ್ಷನ್ 4ರಲ್ಲೇ ಇದೆ. ನಮ್ಮ ಅಜ್ಜಿ ಹೇಳೋದು ಕನ್ನಡದಲ್ಲಿ, ರೈಟರ್ ಬರೆಯೋದು ತೆಲುಗಿನಲ್ಲಿ, ಅಜ್ಜಿ ಹೆಬ್ಬೆಟ್ಟು ಒತ್ತೋದು ಏನಕ್ಕೆ ಅಂತ ಅಜ್ಜಿಗೆ ಗೊತ್ತಿಲ್ಲ. ಜಾತಿ ಹಿಡಿದು ಬೈದ ಕೇಸು ನಿಲ್ಲಬೇಕಾದರೆ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದಿರಬೇಕು. ಅಜ್ಜಿ "ಬೀದೀಲಿ, ಎಲ್ಲರ ಮುಂದೆ ಬೈದ" ಅಂದಿರುತ್ತಾಳೆ. ತೆಲುಗಿನಲ್ಲಿ ಆ ಬೀದಿ ಬಿಟ್ಟುಹೋದರೆ ಕೇಸೇ ಬಿಟ್ಟುಹೋಯಿತು. ಪಿ.ಪಿ. ಆದವರು ಸಾಕ್ಷಿ ಹೇಳಿಸುವ ಮುಂಚೆ ಅಜ್ಜಿಯನ್ನು ಕೂರಿಸಿಕೊಂಡು ಹೇಳಿಕೆ ಓದಿಸಿದರೆ ಸಾಕು, ಆ ತಪ್ಪು ಸಿಕ್ಕುತ್ತೆ. ಓದಿಸದಿದ್ದರೆ ಎದುರು ವಕೀಲರೇ ಹಿಡೀತಾರೆ, ಕಟಕಟೆಯಲ್ಲಿ.

ಆದರೆ ಸೋತ ಪಿ.ಪಿ. ಎಲ್ಲರೂ ಕಳ್ಳರಲ್ಲ. ಒಬ್ಬರ ಕೈಯಲ್ಲಿ ನೂರಾರು ಫೈಲು ಇರುತ್ತೆ. ಸೋತದ್ದಕ್ಕೇ ಜೈಲು ಅಂದರೆ, ನಾಳೆ ಅವರು ಗೆಲ್ಲೋದಕ್ಕೋಸ್ಕರ ಟೆಕ್ಸಾಸ್‌ನವರ ಹಾಗೆ ಕಾಗದ ಬಚ್ಚಿಡ್ತಾರೆ. ಆಗ ಒಳಗೆ ಹೋಗೋರೂ ನಮ್ಮ ಹುಡುಗರೇ. ಅದಕ್ಕೇ "ಬೇಕಂತಲೇ" ಅನ್ನೋ ಪದ ಇರಬೇಕು, ಇರಲಿ. ನನ್ನ ತಕರಾರು ಬೇರೆ. ಆಡಳಿತಾತ್ಮಕ ವಿಚಾರಣೆ ಆಗಿ ಶಿಫಾರಸು ಬಂದರೆ ಮಾತ್ರ ಸೆಕ್ಷನ್ 4ರ ಕೇಸು ಹಾಕಬೇಕು ಅಂತ ಒಂದು ಷರತ್ತು ಇದೆ. ಅಂದರೆ ಆಫೀಸಿನವರ ತಪ್ಪನ್ನು ಆಫೀಸಿನವರೇ ನೋಡಬೇಕು. ಹಾಲು ಕುಡಿದ ಬೆಕ್ಕಿನ ವಿಚಾರಣೆಗೆ ಅದರ ಅಣ್ಣನನ್ನು ಕೂರಿಸಿದ ಹಾಗೆ. 2014ರ ಕಿಶನ್‌ಭಾಯಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆರೋಪಿ ಬಿಡುಗಡೆಯಾದ ಪ್ರತಿ ಕೇಸನ್ನೂ ಪರಿಶೀಲಿಸಿ, ತಪ್ಪು ಮಾಡಿದ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ತಗೊಳ್ಳಿ ಅಂದಿತು. ನಮ್ಮ ಸುತ್ತ ಎಷ್ಟು ಕೇಸು ಬಿದ್ದವು, ಯಾರ ಮೇಲೆ ಕ್ರಮ ಆಯಿತು, ನೀವೇ ನೆನಪು ಮಾಡಿಕೊಳ್ಳಿ.

ಹೋರಾಡಿದರೆ ಸಿಗುವುದೂ ಉಂಟು. ಇದೇ ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು 8 ಜನ ದಲಿತರನ್ನು ಕೊಂದರು. ನೊಂದವರು ಹಟ ಹಿಡಿದು ಊರಲ್ಲೇ ವಿಶೇಷ ಕೋರ್ಟು ಮಾಡಿಸಿಕೊಂಡರು, ತಮಗೆ ನಂಬಿಕೆ ಇದ್ದ ವಕೀಲರನ್ನೇ ಪಿ.ಪಿ. ಮಾಡಿಸಿಕೊಂಡರು. 2007ರಲ್ಲಿ 21 ಜನಕ್ಕೆ ಜೀವಾವಧಿ ಶಿಕ್ಷೆ ಆಯಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು, ಆ ಸಂಕಟ ಬೇರೆ.

ನಂಬಿಕೆಯ ವಕೀಲರನ್ನು ಕೇಳುವ ದಾರಿ ನಮಗೂ ಇದೆ. 1995ರ ನಿಯಮಗಳಲ್ಲಿ 4ನೇದು: ನೊಂದವರು ಬಯಸಿದರೆ ಕಲೆಕ್ಟರ್ ಹಿರಿಯ ವಕೀಲರನ್ನು ನೇಮಿಸಬಹುದು. ವಿಶೇಷ ಪಿ.ಪಿ.ಗಳ ಕೆಲಸವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಪರಿಶೀಲಿಸಬೇಕು. ಎಚ್ಚರಿಕೆಯಿಂದ ಕೇಸು ನಡೆಸದವರ ಹೆಸರನ್ನು ಕಾರಣ ಬರೆದು ಪಟ್ಟಿಯಿಂದ ತೆಗೆಯಬಹುದು.

ಆ ಪರಿಶೀಲನೆಗೆ ನಮ್ಮ ಕಡೆಯಿಂದ ಕಾಗದ ಹೋಗಬೇಕು. ಹುಡುಗರಿಗೆ ಒಂದು ಕೆಲಸ ಕೊಡ್ತೀನಿ. ಸಂಘದಲ್ಲಿ ಕೇಸಿಗೊಂದು ನೋಟ್‌ಬುಕ್ ಇಡಿ. ವಾಯಿದೆ ಯಾವತ್ತು, ಪಿ.ಪಿ. ಬಂದಿದ್ದರಾ, ನೊಂದವರಿಗೆ ಯಾರು ಹೇಳಿದರು, ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದರಾ, ಬೇಲ್ ದಿನ ಕರೆದರಾ, ಅಷ್ಟನ್ನೂ ಅವತ್ತೇ ಬರೀರಿ. ಡಿಸೆಂಬರಿನಲ್ಲಿ ಒಂದು ಸಲ, ಜೂನ್‌ನಲ್ಲಿ ಒಂದು ಸಲ ಅದರ ನಕಲು ಅರ್ಜಿ ಜೊತೆ ಕಲೆಕ್ಟರ್ ಆಫೀಸಿಗೆ ಕೊಟ್ಟು, ಸೀಲು ಹಾಕಿದ ರಸೀದಿ ತಗೊಂಡು ಬನ್ನಿ. ಓದು ಬರಹ ಚೆನ್ನಾಗಿರೋ ತಂಗಿಯರು ಇದ್ದೀರಿ, ತೆಲುಗೂ ಬರುತ್ತೆ ನಿಮಗೆ. ಸಭೆ ಮುಗಿದ ಮೇಲೆ ಇಬ್ಬರು ಬಂದು ನನ್ನನ್ನು ಕಾಣಿ. ಸೆಕ್ಷನ್ 4 ಮತ್ತು 15ಎ ಜೆರಾಕ್ಸ್ ತಂದಿದ್ದೀನಿ.

ಜೈ ಭೀಮ್.