ಕೂಸು ಬಡವಾಗದಿರಲಿ

(ಪೀಣ್ಯ ಕೈಗಾರಿಕಾ ಪ್ರದೇಶದ ಭಕ್ತರು ಏರ್ಪಡಿಸಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದೊಂದು ಗಾದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಇನ್ನೊಂದು. ಎರಡೂ ನಮ್ಮ ಹಿರಿಯರು ಕಂಡುಂಡ ಮಾತುಗಳೇ. ಆದರೆ ಮೊದಲನೆಯ ಗಾದೆ ಈಗ ಎಲ್ಲ ಮನೆಗಳಲ್ಲಿಯೂ ನಿಜವಾಗಿ ಉಳಿದಿಲ್ಲ. ಉಂಡು ಮಲಗಿದರೂ ಮುಗಿಯದ ಜಗಳಗಳಿವೆ. ಠಾಣೆಯ ಮೆಟ್ಟಿಲು ಹತ್ತಿ, ನ್ಯಾಯಾಲಯದ ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ನಡೆಯುವ ಜಗಳಗಳಿವೆ. ಎರಡನೆಯ ಗಾದೆ ಮಾತ್ರ ಅಂದು ಹೇಗೆ ನಿಜವಾಗಿತ್ತೋ ಇಂದೂ ಹಾಗೆಯೇ ನಿಜ. ಆ ಬಡವಾದ ಕೂಸಿನ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಈ ಪೀಣ್ಯಕ್ಕೆ 1970ರ ದಶಕದಲ್ಲಿ ಕಾರ್ಖಾನೆಗಳು ಬಂದವು. 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿತ್ತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐಟಿ ಪಾರ್ಕು ತಲೆಯೆತ್ತಿತು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಯ ಕಡೆಯಿಂದ ನಮ್ಮ ಭಕ್ತರ ಮಕ್ಕಳು ಬಂದರು. ಕೆಲವರು ಲೇತ್ ಯಂತ್ರದ ಮುಂದೆ ನಿಂತರು, ಕೆಲವರು ಕಂಪ್ಯೂಟರ್ ಮುಂದೆ ಕುಳಿತರು. ಕಾಯಕ ದೊರೆಯಿತು, ಅನ್ನ ದೊರೆಯಿತು. ಅದು ಸಂತೋಷದ ವಿಷಯ. ಆದರೆ ಹಳ್ಳಿಯ ತೊಟ್ಟಿಮನೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡರೆ ಮಗು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿತ್ತು, ಚಿಕ್ಕಮ್ಮನ ಕೈತುತ್ತು ಉಣ್ಣುತ್ತಿತ್ತು. ಇಲ್ಲಿರುವುದು ಎರಡು ಕೋಣೆಯ ಮನೆ. ಒಳಗೆ ಜಗಳ ಹತ್ತಿದರೆ ಮಗು ಹೋಗಿ ಕೂರಲು ಒಂದು ಜಗಲಿಯೂ ಇಲ್ಲ.

ಕೆಲವು ತಿಂಗಳ ಹಿಂದೆ ನಡೆದದ್ದನ್ನು ಹೇಳುತ್ತೇವೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇವೆ. ವಯಸ್ಸಾದ ಒಬ್ಬ ಭಕ್ತರು ಎಂಟು ವರ್ಷದ ಮೊಮ್ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. "ಬುದ್ಧಿ, ಮಗೂಗೆ ಆಶೀರ್ವಾದ ಮಾಡ್ಬೇಕು. ಓದಿನ ಮೇಲೆ ಗ್ಯಾನ ಇಲ್ಲ, ಸೋಮವಾರ ಬಂತು ಅಂದ್ರೆ ಹೊಟ್ಟೆನೋವು ಅಂತಾನೆ" ಎಂದರು. ಹುಡುಗನ ತಂದೆ ಇಲ್ಲಿಯೇ ಒಂದು ಕಾರ್ಖಾನೆಯಲ್ಲಿದ್ದಾರೆ. ತಾಯಿ ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾರೆ. ಇಬ್ಬರೂ ಬೇರೆಯಾಗಿ ಎರಡು ವರ್ಷ. ಹುಡುಗ ವಾರವೆಲ್ಲ ತಾಯಿಯ ಮನೆಯಲ್ಲಿ, ವಾರಾಂತ್ಯಕ್ಕೆ ತಂದೆಯ ಮನೆಯಲ್ಲಿ.

ನಾವು ಹುಡುಗನ ಕೈಗೆ ಒಂದು ಚೂರು ಕಲ್ಲುಸಕ್ಕರೆ ಹಾಕಿದೆವು. ಅವನು ಹೋಗಲಿಲ್ಲ. ಇನ್ನೊಂದು ಕೈ ಚಾಚಿದ. "ಇನ್ನೊಂದು ಯಾರಿಗಪ್ಪಾ?" ಎಂದು ಕೇಳಿದೆವು. ಹುಡುಗ ಒಮ್ಮೆ ತಾತನ ಮುಖ ನೋಡಿದ. ಆಮೇಲೆ, "ಯಾರಿಗೂ ಇಲ್ಲ, ನಂಗೇ" ಎಂದ. ಹೇಳಿದವನು ಅದನ್ನು ತಿನ್ನಲಿಲ್ಲ. ಆಚೆ ಹೋಗಿ ಚೀಲದಿಂದ ಕಂಪಾಸ್ ಪೆಟ್ಟಿಗೆ ತೆಗೆದು ಅದರೊಳಗೆ ಮುಚ್ಚಿಟ್ಟ.

ಅದು ಯಾರಿಗೆಂದು ಬಿಡಿಸಿ ಹೇಳಬೇಕೇ? ತಾಯಿಗೆ ಪ್ರಸಾದ ಒಯ್ಯುವುದಕ್ಕಾಗಿ ಆ ಮಗು ಸುಳ್ಳು ಹೇಳಬೇಕಾಯಿತು. ಗುರುವಿನ ಮುಂದೆ ಸುಳ್ಳು ಹೇಳಿದನೆಂದು ಅವನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಆ ಸುಳ್ಳನ್ನು ಅವನಿಗೆ ಕಲಿಸಿದವರು ನಾವು ಹಿರಿಯರು. ಈ ಮನೆಯಲ್ಲಿ ಅಮ್ಮನ ಹೆಸರು ಎತ್ತಬಾರದು, ಆ ಮನೆಯಲ್ಲಿ ಅಪ್ಪನ ಹೆಸರು ಎತ್ತಬಾರದು ಎಂಬುದು ಆ ಮಗುವಿಗೆ ಯಾರೂ ಹೇಳಿಕೊಡದೆಯೇ ತಿಳಿದುಹೋಗಿದೆ. ಗಾದೆಯ ಕೂಸು ಬಡವಾಗುವುದು ಹೀಗೆ. ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯಲ್ಲಿ ಹೊಸ ಬಟ್ಟೆ ತೊಟ್ಟು, ಒಳಗೊಳಗೇ ಬಡವಾಗುತ್ತದೆ.

ದಂಪತಿಗಳು ಕೂಡಿ ಬಾಳಬೇಕೆಂದೇ ನಾವು ಹರಸುತ್ತೇವೆ. ಮನಸ್ತಾಪ ಬಂದಾಗ ತಿದ್ದಿ ಕೂಡಿಸಲು ಹಿರಿಯರು ಪ್ರಯತ್ನಿಸಬೇಕು. ಆದರೆ ಎಲ್ಲ ಪ್ರಯತ್ನವೂ ಸೋತು ಬೇರೆಯಾದವರನ್ನು ಹಂಗಿಸುವುದು ಶರಣರ ದಾರಿಯಲ್ಲ. ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನು ತೊರೆದು ಬಂದಾಗ ಕಲ್ಯಾಣದ ಶರಣರು ಅವಳನ್ನು ಪರೀಕ್ಷಿಸಿ ಗೌರವದಿಂದ ಬರಮಾಡಿಕೊಂಡರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಪರಂಪರೆಯವರಾದ ನಾವು ಮನೆ ಬಿಟ್ಟು ಬಂದ ಹೆಣ್ಣುಮಗಳನ್ನು ದೂಷಿಸುವುದು ಹೇಗೆ? ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಗಂಡ ಹೆಂಡತಿ ಎಂಬ ಸಂಬಂಧ ಕಡಿದುಹೋಗಬಹುದು, ತಂದೆ ತಾಯಿ ಎಂಬ ಸಂಬಂಧಕ್ಕೆ ವಿಚ್ಛೇದನವಿಲ್ಲ.

ನಮ್ಮ ದೇಶದ ಕಾನೂನಿನ ದೃಷ್ಟಿಯೂ ಇದೇ. 1890ರ ಪೋಷಕರ ಕಾಯಿದೆಯಾಗಲಿ, 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯಾಗಲಿ ಮುಂದಿಡುವುದು ಮಗುವಿನ ಹಿತವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಕಾಯಿದೆ ಹೇಳುತ್ತದೆ. ಬುದ್ಧಿ ಬಲಿತ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಕೇಳಬಹುದೆಂದು 1890ರ ಕಾಯಿದೆ ಹೇಳುತ್ತದೆ. ಮಕ್ಕಳ ಹಕ್ಕುಗಳ ಕುರಿತು ವಿಶ್ವಸಂಸ್ಥೆ 1989ರಲ್ಲಿ ಒಂದು ಒಡಂಬಡಿಕೆ ಮಾಡಿತು. 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿತು. ಹಿತಕ್ಕೆ ಬಾಧೆಯಿಲ್ಲದಿದ್ದರೆ ತಂದೆ ತಾಯಿ ಇಬ್ಬರ ಒಡನಾಟವನ್ನೂ ಉಳಿಸಿಕೊಳ್ಳುವುದು ಮಗುವಿನ ಹಕ್ಕು ಎಂದು ಅದರಲ್ಲಿದೆ. ಮಗುವಿನ ಹಕ್ಕು ಎಂಬುದನ್ನು ಗಮನಿಸಿ. ನಾವು ಜಗಳವಾಡುವುದು ನಮ್ಮ ಹಕ್ಕಿಗಾಗಿ.

2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಹನ್ನೆರಡು ವರ್ಷದ ಒಬ್ಬ ಬಾಲಕನ ವಿಷಯದಲ್ಲಿ ಒಂದು ತೀರ್ಪು ನೀಡಿತು. ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಓದಿನ ಖರ್ಚು ಇಬ್ಬರಿಗೂ ಸಮ. ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಶನಿವಾರ, ಭಾನುವಾರ ನೋಡಬಹುದು, ಫೋನಿನಲ್ಲಿ ಮಾತನಾಡಬಹುದು. 2015ರಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಇಂಥ ಜಂಟಿ ಪಾಲನೆಗೆ ಕಾನೂನಿನಲ್ಲಿಯೇ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು. ಆರು ತಿಂಗಳ ಪಾಲು ಎಲ್ಲರಿಗೂ ಹೊಂದುವುದಿಲ್ಲ. ಎರಡು ವರ್ಷದ ಹಸುಗೂಸಿಗೆ ಆರು ತಿಂಗಳ ಅಗಲಿಕೆ ಒಂದು ಯುಗವೇ ಸರಿ. ಮಗುವಿನ ವಯಸ್ಸು, ಶಾಲೆ, ದೂರ ಇವುಗಳನ್ನು ನೋಡಿ ನಿರ್ಧರಿಸಬೇಕು.

ನ್ಯಾಯಾಲಯ ದಿನಗಳನ್ನು ಹಂಚಬಲ್ಲದು. ಆ ದಿನಗಳಲ್ಲಿ ಮಗುವಿನ ಮನಸ್ಸು ಹೇಗಿರಬೇಕೆಂಬುದು ನಿಮ್ಮ ಕೈಯಲ್ಲಿದೆ. ಅದಕ್ಕಾಗಿ ಕೆಲವು ನಿಯಮಗಳನ್ನು ಹೇಳುತ್ತೇವೆ.

ಒಂದನೆಯದು, ಮಗುವನ್ನು ದೂತನನ್ನಾಗಿ ಮಾಡಬೇಡಿ. "ನಿಮ್ಮಪ್ಪನಿಗೆ ಹೇಳು, ಫೀಸು ಕಟ್ಟಿಲ್ಲ ಅಂತ" ಎಂಬ ಮಾತು ಮಗುವಿನ ಬಾಯಲ್ಲಿ ಬರಬಾರದು. ದೊಡ್ಡವರ ಮಾತು ದೊಡ್ಡವರ ನಡುವೆ ಇರಲಿ. ಮಾತನಾಡಿದರೆ ಜಗಳವೇ ಆಗುವುದಾದರೆ ಬರೆದು ತಿಳಿಸಿ. ಶಾಲೆ, ಔಷಧಿ, ಖರ್ಚು, ಬರುವ ಹೋಗುವ ವೇಳೆ, ಇಷ್ಟನ್ನೇ ಬರೆಯಿರಿ. ಹಳೆಯ ಲೆಕ್ಕ ತೆಗೆಯಬೇಡಿ.

ಎರಡನೆಯದು, ಮಗುವನ್ನು ಸಾಕ್ಷಿಯನ್ನಾಗಿ ಮಾಡಬೇಡಿ. ಆ ಮನೆಗೆ ಯಾರು ಬರುತ್ತಾರೆ, ಏನು ಕೊಂಡರು, ನಮ್ಮ ಬಗ್ಗೆ ಏನಂದರು ಎಂದು ಕೆದಕಬೇಡಿ. ಯಾರೆಂದರೆ ನಿನಗೆ ಹೆಚ್ಚು ಇಷ್ಟ ಎಂಬ ಪ್ರಶ್ನೆಯನ್ನಂತೂ ಕೇಳಲೇಬೇಡಿ. ನಿನ್ನ ಎರಡು ಕಣ್ಣುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವೆ ಎಂದು ಕೇಳಿದಂತೆ ಅದು.

ಮೂರನೆಯದು, ಕೊಟ್ಟ ವೇಳೆ ತಪ್ಪಬೇಡಿ. ಪೀಣ್ಯದಲ್ಲಿ ಪಾಳಿಯ ಕೆಲಸ, ವೈಟ್‌ಫೀಲ್ಡಿನಲ್ಲಿ ಅಮೆರಿಕದವರೊಂದಿಗೆ ರಾತ್ರಿಯ ಮೀಟಿಂಗು. ಪಾಳಿಯ ಪಟ್ಟಿ ನೋಡಿಕೊಂಡೇ ದಿನ ಗೊತ್ತು ಮಾಡಿ. 2023ರಿಂದ ಮೆಟ್ರೋ ರೈಲು ವೈಟ್‌ಫೀಲ್ಡಿನವರೆಗೂ ಓಡುತ್ತಿದೆ, ನಿಜ. ಆದರೂ ಪೀಣ್ಯದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಮನೆ ಸೇರುವಷ್ಟರಲ್ಲಿ ಎಳೆಯ ಮಗು ಸುಸ್ತಾಗಿರುತ್ತದೆ. ಎದುರಾದರೆ ಜಗಳವಾಡುವವರು ಬೆಳಿಗ್ಗೆ ಒಬ್ಬರು ಶಾಲೆಗೆ ಬಿಡಲಿ, ಸಂಜೆ ಇನ್ನೊಬ್ಬರು ಶಾಲೆಯಿಂದಲೇ ಕರೆದೊಯ್ಯಲಿ. ಬೀದಿಯಲ್ಲಿ ನಿಂತು ಕೂಗಾಡುವುದನ್ನು ಮಗು ನೋಡುವುದು ತಪ್ಪುತ್ತದೆ.

ನಾಲ್ಕನೆಯದು, ಎರಡೂ ಮನೆಯಲ್ಲಿ ಮಗುವಿಗೆಂದು ಒಂದು ಮೂಲೆ ಇರಲಿ. ಅಲ್ಲೊಂದು ಹಾಸಿಗೆ, ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಸಮವಸ್ತ್ರ ಇರಲಿ. ಮಲಗುವ ಹೊತ್ತು, ಓದುವ ಹೊತ್ತು ಆದಷ್ಟು ಒಂದೇ ಆಗಿರಲಿ. ಪ್ರತಿ ವಾರ ಗಂಟುಮೂಟೆ ಹೊತ್ತು ಹೋಗುವ ಮಗುವಿಗೆ ತಾನು ಎರಡೂ ಕಡೆ ಅತಿಥಿ ಎನಿಸುತ್ತದೆ.

ಐದನೆಯದು ಇಲ್ಲಿ ಕುಳಿತಿರುವ ಹಿರಿಯರಿಗೆ. ನಮ್ಮಲ್ಲಿ ಜಗಳ ಇಬ್ಬರದಾಗಿ ಉಳಿಯುವುದಿಲ್ಲ, ಎರಡು ಬಳಗದ ಜಗಳವಾಗುತ್ತದೆ. ಗಂಡ ಹೆಂಡತಿ ತಣ್ಣಗಾದರೂ ಅತ್ತೆ ಮಾವ, ಸೋದರಮಾವ ಕೂಡಿ ಬೂದಿಯನ್ನು ಊದುತ್ತಾರೆ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ತಾಯಿಯನ್ನು ಬೈಯುವ ಅಜ್ಜಿ ಅವನಿಗೆ ಎಷ್ಟು ತುಪ್ಪ ಬಡಿಸಿದರೆ ಏನು? ಅವನ ಮೈಯಲ್ಲಿ ಅರ್ಧ ಆ ತಾಯಿಯದು. ನೀವು ಬೈದದ್ದು ಅವನನ್ನೇ.

ಎಚ್ಚರದ ಒಂದು ಮಾತು. ಹೊಡೆತ, ಕುಡಿತದ ಹಾವಳಿ, ಮಗುವಿನ ಮೇಲೆ ಕೈಮಾಡುವುದು ಇರುವ ಕಡೆ ಈ ಸಮಪಾಲಿನ ಮಾತು ಹೊಂದುವುದಿಲ್ಲ. ಅಲ್ಲಿ ಮೊದಲು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇರುವುದು ಅದಕ್ಕಾಗಿ. ಮಕ್ಕಳ ಸಹಾಯವಾಣಿ 1098 ಇದೆ. ಅಂಥ ಕಡೆ ಹೊಂದಿಕೊಂಡು ಹೋಗಮ್ಮಾ ಎಂದು ಹೇಳುವುದು ಪಾಪ. ಹಾಗೆಯೇ ಗಂಡನ ಮೇಲೋ ಹೆಂಡತಿಯ ಮೇಲೋ ಹಟ ಸಾಧಿಸಲು ಇಲ್ಲದ ಹಿಂಸೆಯನ್ನು ಮಗುವಿನ ಬಾಯಲ್ಲಿ ಹೇಳಿಸುವುದೂ ಪಾಪವೇ.

ಪದೇ ಪದೇ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಮಾತು ನಿಲ್ಲಿಸುವುದು, ಇಂಥವು ಕಂಡರೆ ಯಂತ್ರ ತಾಯಿತ ಎಂದು ಓಡಾಡಬೇಡಿ. ಮೊದಲು ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಅಪ್ಪ ಅಮ್ಮ ಬೇರೆಯಾದದ್ದು ತನ್ನಿಂದಲೇ ಎಂದು ಎಷ್ಟೋ ಎಳೆಯ ಮಕ್ಕಳು ಒಳಗೇ ನಂಬಿರುತ್ತಾರೆ. ನಿನ್ನ ತಪ್ಪು ಏನೂ ಇಲ್ಲ ಎಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕು, ಒಂದಲ್ಲ ಹತ್ತು ಸಲ ಹೇಳಬೇಕು. ದೊಡ್ಡವರ ಜಗಳ ಬಗೆಹರಿಯಲು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಅದಿರುವ ಕಟ್ಟಡದ ಹೆಸರು ನ್ಯಾಯದೇಗುಲ. ದೇಗುಲಕ್ಕೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಡುತ್ತೇವೆ. ಅಲ್ಲಿಗೆ ಹೋಗುವಾಗ ಹಟವನ್ನು ಹೊರಗೆ ಬಿಟ್ಟು ಹೋಗಿ.

ನಿಮ್ಮ ಮನೆಗೆ ಜಂಗಮರು ಬಂದರೆ ಏನು ಮಾಡುತ್ತೀರಿ? ಕಾಲಿಗೆ ನೀರು ಕೊಟ್ಟು, ಕೂರಿಸಿ, ಭಕ್ತಿಯಿಂದ ಉಣಬಡಿಸುತ್ತೀರಿ. ನಿನ್ನೆ ಯಾರ ಮನೆಯಲ್ಲಿ ಉಂಡಿರಿ, ಅವರು ನಮ್ಮ ಮೇಲೆ ಏನಂದರು ಎಂದು ಕೇಳುತ್ತೀರಾ? ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲುತ್ತೀರಾ? ಇನ್ನೊಬ್ಬ ಭಕ್ತನ ಮನೆಗೂ ಅವರು ಹೋಗಬೇಕೆಂಬುದು ನಿಮಗೆ ಗೊತ್ತು. ಕೈಮುಗಿದು ಕಳಿಸಿಕೊಡುತ್ತೀರಿ, ಮತ್ತೆ ಬರುವ ದಿನವನ್ನು ಕಾಯುತ್ತೀರಿ. ಎರಡು ಮನೆಗೆ ನಡೆಯುವ ಮಗುವನ್ನು ಜಂಗಮನೆಂದು ತಿಳಿಯಿರಿ. ಬಂದಾಗ ಪ್ರೀತಿಯಿಂದ ಬರಮಾಡಿಕೊಳ್ಳಿ. ಹೊರಟಾಗ ನಗುಮುಖದಿಂದ ಕಳಿಸಿಕೊಡಿ. ಬರಮಾಡಿಕೊಳ್ಳುವುದು ಸುಲಭ. ಕಳಿಸಿಕೊಡುವುದರಲ್ಲಿ ನಿಮ್ಮ ಭಕ್ತಿ ಎಷ್ಟೆಂಬುದು ತಿಳಿಯುತ್ತದೆ. ನನ್ನದು ಎಂದು ಹಿಡಿದರೆ ಮಗುವೂ ಸ್ವತ್ತಾಗುತ್ತದೆ. ಸ್ವತ್ತಿಗೆ ವ್ಯಾಜ್ಯ ತಪ್ಪಿದ್ದಲ್ಲ.

ಆ ದಿನ ಹುಡುಗ ಆಚೆ ಹೋದ ಮೇಲೆ ಆ ಹಿರಿಯರಿಗೆ ಕಂಪಾಸ್ ಪೆಟ್ಟಿಗೆಯ ವಿಷಯ ತಿಳಿಸಿದೆವು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. "ಬುದ್ಧಿ, ನಮ್ಮನೇಲಿ ಆಯಮ್ಮನ ಹೆಸರು ಎತ್ತಬಾರದು ಅಂತ ಹೇಳಿದ್ದು ನಾನೇ" ಎಂದರು. ಕಳೆದ ತಿಂಗಳು ಮತ್ತೆ ಬಂದಿದ್ದರು. ಮಗ ಸೊಸೆ ಕೂಡಿಲ್ಲ, ಕೂಡುವ ಲಕ್ಷಣವೂ ಇಲ್ಲ. ಮೊಕದ್ದಮೆ ನಡೆದೇ ಇದೆ. ಹುಡುಗನ ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆಯಂತೆ. ಹೊರಡುವಾಗ ಮೊಮ್ಮಗನ ಎದುರಿಗೇ ಎರಡು ಕೈಯೊಡ್ಡಿ, "ಬುದ್ಧಿ, ಪ್ರಸಾದ ಎರಡು ಕೊಡಿ, ಒಂದು ಇವನ ತಾಯಿಗೆ" ಎಂದು ಕೇಳಿದರು.

ನೀವೂ ಹಾಗೆ ಕೇಳುವಂತಾಗಲಿ. ಯಾವ ಮಗುವೂ ಪ್ರಸಾದವನ್ನು ಬಚ್ಚಿಟ್ಟು ಒಯ್ಯುವಂತಾಗದಿರಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.